ಆ ಮೂರು ಮೆಗಾಹರ್ಟ್ಸ್

ಕ್ಯಾಬಿನೆಟ್ಟಿನ ಬದಿಯ ತಗಡು ತೆಗೆದು ನೋಡಿದರೆ ಒಳಗೆಲ್ಲ ಕೆಂಪು ನೇಲ್ ಪಾಲಿಶ್. ಡಿಸ್ಕಿನ ಮೂಲೆಯಲ್ಲಿ ಒಂದು ಬೊಟ್ಟು, ರ‍್ಯಾಮಿನ ಅಂಚಿನಲ್ಲಿ ಒಂದು, ಪವರ್ ಸಪ್ಲೈ ಮೇಲೊಂದು. ಪ್ರೊಸೆಸರ್ ಮೇಲೆ ಕೂಲರ್ ಕೂತಿದ್ದರಿಂದ ಅದೊಂದು ಪಾರಾಗಿತ್ತು. ಬಣ್ಣ ಹೊಸತು, ವಾಸನೆ ಇನ್ನೂ ಇತ್ತು. ನಾನು ಒಳ್ಳೆಯ ಭಾಗ ತೆಗೆದಿಟ್ಟುಕೊಂಡು ಹಳತು ತುರುಕಿ ಕಳಿಸಿದರೆ ಕಂಡುಹಿಡಿಯಲಿಕ್ಕೆ ಈ ಗುರುತು. ಎದುರಿಗೆ ನಿಂತ ಗಿರಾಕಿಯ ಮುಖ ನೋಡಿದೆ. ಅವರು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು.

ಅವರಿಗೆ ಬೆಳ್ತಂಗಡಿಯಲ್ಲಿ ಸ್ಟುಡಿಯೋ. ರೀಲಿನ ಕಾಲದಿಂದ ಫೋಟೋ ತೆಗೆದವರು, ಈಗ ಮದುವೆಯ ವಿಡಿಯೋ ಎಡಿಟ್ ಮಾಡಿ ಕೊಡುವವರು. ಐವತ್ತು ದಾಟಿದ ಪ್ರಾಯ. ಮೆಲ್ಕಾರಿನ ನನ್ನ ಅಂಗಡಿಗೆ ಕಾಲಿಟ್ಟ ಕೂಡಲೇ ನನ್ನನ್ನು ದಾಟಿ ಒಳಗೆ ಇಣುಕಿ, "ಯಜಮಾನ್ರು ಇಲ್ವಾ?" ಎಂದು ಕೇಳಿದ್ದರು.

"ರಿಪೇರಿ ಮಾಡುವುದು ನಾನೇ ಅಣ್ಣ."

"ನೀವೇ?" ಎಂದರು. ಹೊರಗೆ ರಿಕ್ಷಾದಿಂದ ಕಂಪ್ಯೂಟರ್ ಇಳಿಸುತ್ತಿದ್ದ ಅವರ ಕ್ಯಾಮರಾಮನ್ ಕಡೆ ತಿರುಗಿ ಒಮ್ಮೆ ಹುಬ್ಬು ಏರಿಸಿದರು. ಆ ಹುಬ್ಬು ನನಗೆ ಹೊಸದಲ್ಲ. ಹೆಂಗಸು ಸ್ಕ್ರೂಡ್ರೈವರ್ ಹಿಡಿದು ಕೂತಿದ್ದನ್ನು ಕಂಡವರಲ್ಲಿ ಅರ್ಧದಷ್ಟು ಜನ ಹುಬ್ಬು ಏರಿಸಿಯೇ ಮಾತು ಸುರು ಮಾಡುತ್ತಾರೆ.

ಅವರ ಕಷ್ಟ ಸರಳವಾದದ್ದು. ಮದುವೆಯ ಸೀಸನ್ನು. ಎಡಿಟ್ ಮುಗಿದ ಮೇಲೆ ಇಡೀ ವಿಡಿಯೋವನ್ನು ಕಂಪ್ಯೂಟರ್ ಒಂದು ಫೈಲ್ ಮಾಡಿ ಹೊರಗೆ ಹಾಕಬೇಕು, ಅದಕ್ಕೆ ಎಕ್ಸ್‌ಪೋರ್ಟ್ ಅನ್ನುತ್ತಾರೆ. ಅದು ಮುಗಿಯುವವರೆಗೆ ಬೇರೆ ಕೆಲಸ ಮಾಡುವ ಹಾಗಿಲ್ಲ. ಹೊಸ ಯಂತ್ರ ತೆಗೆದುಕೊಳ್ಳುವುದು ಮುಂದಿನ ವರ್ಷದ ಮಾತು. ಓವರ್‌ಕ್ಲಾಕ್ ಮಾಡಿದರೆ ಇದೇ ಯಂತ್ರ ವೇಗವಾಗಿ ಓಡುತ್ತದೆ ಎಂದು ಮೊಬೈಲಿನಲ್ಲಿ ಯಾರೋ ಹೇಳಿದ್ದನ್ನು ನೋಡಿ ಬಂದಿದ್ದರು.

"ಮಾಡ್ಲಿಕ್ಕೆ ಆಗ್ತದಾ?"

ಆಗುತ್ತಿತ್ತು. ಪ್ರೊಸೆಸರ್ ಅಗ್ಗದ್ದು, ಆದರೆ ಕಂಪೆನಿ ಅದರ ವೇಗಕ್ಕೆ ಬೀಗ ಹಾಕಿರಲಿಲ್ಲ. ಪ್ರೊಸೆಸರಿನ ವೇಗ ಎಂದರೆ ಎರಡು ಸಂಖ್ಯೆಗಳ ಗುಣಾಕಾರ. ಬೋರ್ಡಿನಲ್ಲಿ ಒಂದು ಮೂಲ ಬಡಿತ ಉಂಟು, ಬೇಸ್ ಕ್ಲಾಕ್, ಅದು ನೂರು ಮೆಗಾಹರ್ಟ್ಸ್. ಪ್ರೊಸೆಸರ್ ಅದನ್ನು ಮೂವತ್ತಾರರಿಂದ ಗುಣಿಸಿಕೊಂಡು ಮೂರು ಸಾವಿರದ ಆರುನೂರರಲ್ಲಿ ಓಡುತ್ತದೆ. ಆ ಮೂವತ್ತಾರಕ್ಕೆ ಮಲ್ಟಿಪ್ಲೈಯರ್ ಎಂದು ಹೆಸರು. ಅದನ್ನು ಮೇಲೆ ಏರಿಸುವುದೇ ಓವರ್‌ಕ್ಲಾಕ್. ಏರಿಸಿದ ಹಾಗೆಲ್ಲ ಕರೆಂಟು ಹೆಚ್ಚು ಬೇಕು, ಬಿಸಿ ಹೆಚ್ಚುತ್ತದೆ, ಒಂದು ಕಡೆ ಅದು ಆಗುವುದಿಲ್ಲ ಎಂದು ನಿಲ್ಲುತ್ತದೆ.

"ಇದ್ದ ಹಾಗೆ ಓಡ್ತಾ ಉಂಟಲ್ಲ. ಕೈ ಹಾಕುವುದು ಎಂತಕ್ಕೆ?" ಎಂದ ಕ್ಯಾಮರಾಮನ್. ಮೂವತ್ತರ ಆಸುಪಾಸಿನವನು, ಮಾತು ಕಮ್ಮಿ. ಅವನು ಹಾಗೆ ಹೇಳಿದ್ದಕ್ಕೋ, ಆ ಹುಬ್ಬಿಗೋ, ಮೇಲಿಂದ ನೇಲ್ ಪಾಲಿಶ್ಶಿಗೋ, ನನ್ನ ಬಾಯಿಂದ ಬರಬಾರದ ಒಂದು ಮಾತು ಬಂತು. ಅವರದ್ದೇ ಒಂದು ಮದುವೆಯ ತುಣುಕನ್ನು ಎಕ್ಸ್‌ಪೋರ್ಟ್ ಮಾಡಿ ಸಮಯ ನೋಡಿದ್ದೆವು: ಹದಿನಾಲ್ಕು ನಿಮಿಷ. "ಹನ್ನೆರಡರ ಒಳಗೆ ತರ್ತೇನೆ," ಎಂದೆ.

ಮೊದಲ ದಿನ ಧೂಳು ತೆಗೆಯುವುದರಲ್ಲೇ ಹೋಯಿತು. ಕಂಪೆನಿಯ ಸಣ್ಣ ಕೂಲರ್ ತೆಗೆದು ದೊಡ್ಡದು ಕೂರಿಸಿದೆ. ಬಿಸಿಯನ್ನು ಕೂಲರಿಗೆ ದಾಟಿಸುವ ಪೇಸ್ಟ್ ಹೊಸತು ಹಾಕಿದೆ. ರ‍್ಯಾಮ್ ಒಂದೇ ಇತ್ತು, ಜೋಡಿ ಇದ್ದರೆ ವಿಡಿಯೋ ಕೆಲಸಕ್ಕೆ ಒಳ್ಳೆಯದು. ಹಾಗಾಗಿ ಮೂಡುಬಿದಿರೆಯಲ್ಲಿ ಹಳೆಯ ಬಿಡಿಭಾಗ ಮಾರುವವರ ಹತ್ತಿರದಿಂದ ಮೂರು ಸಾವಿರದ ಇನ್ನೂರು ಮೆಗಾಹರ್ಟ್ಸಿನ ಒಂದು ಜೋಡಿ ತರಿಸಿ ಹಾಕಿದೆ. ಅವರ ಹಳೆಯ ರ‍್ಯಾಮನ್ನು ಕೆಂಪು ಬೊಟ್ಟಿನ ಸಮೇತ ಲಕೋಟೆಯಲ್ಲಿಟ್ಟು ಹೆಸರು ಬರೆದೆ.

ಮರುದಿನದಿಂದ ಮೆಟ್ಟಿಲು ಹತ್ತುವ ಕೆಲಸ. ಮೂವತ್ತೇಳು, ಮೂವತ್ತೆಂಟು. ಪ್ರತಿ ಮೆಟ್ಟಿಲಿನಲ್ಲೂ ಪ್ರೊಸೆಸರಿಗೆ ಪೂರ್ತಿ ಹೊರೆ ಹಾಕುವ ಪರೀಕ್ಷೆ, ಬಿಸಿ ಎಷ್ಟು, ಲೆಕ್ಕದಲ್ಲಿ ತಪ್ಪು ಬಂತೇ ಎಂದು ಪುಸ್ತಕದಲ್ಲಿ ಬರೆಯುವುದು. ಮೂವತ್ತೊಂಬತ್ತಕ್ಕೆ ವೋಲ್ಟೇಜ್ ಸ್ವಲ್ಪ ಏರಿಸಬೇಕಾಯಿತು. ನಲವತ್ತೂ ನಡೆಯಿತು. ನಲವತ್ತೊಂದರಲ್ಲಿ ಪರದೆ ಹೆಪ್ಪುಗಟ್ಟಿತು. ಎಲ್ಲಿ ನಿಲ್ಲುತ್ತದೋ ಅಲ್ಲಿಂದ ಎರಡು ಮೆಟ್ಟಿಲು ಕೆಳಗೆ ಬಂದು ಬಿಡುವುದು ನನ್ನ ಪದ್ಧತಿ. ಮೂವತ್ತೊಂಬತ್ತಕ್ಕೆ ಇಳಿಸಿ, ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರ ತನಕ ಹೊರೆ ಹಾಕಿ ಬಿಟ್ಟೆ. ಅದರ ಮರುದಿನ ಅಷ್ಟೇ ಹೊತ್ತು ರ‍್ಯಾಮಿನ ಪರೀಕ್ಷೆ. ಒಂದು ತಪ್ಪೂ ಇಲ್ಲ.

ತೆಗೆದುಕೊಂಡು ಹೋಗಲಿಕ್ಕೆ ಇಬ್ಬರೂ ಬಂದರು. ಅದೇ ತುಣುಕು ಹಾಕಿದೆ. ಕ್ಯಾಮರಾಮನ್ ಮೊಬೈಲಿನಲ್ಲಿ ಸಮಯ ಹಿಡಿದ. ಹನ್ನೆರಡು ನಿಮಿಷ ಹದಿನೈದು ಸೆಕೆಂಡು.

"ಹನ್ನೆರಡರ ಒಳಗೆ ಅಂದಿದ್ರಿ," ಎಂದರು ಸ್ಟುಡಿಯೋದವರು. ಕ್ಯಾಮರಾಮನ್ ಮೊಬೈಲ್ ಕಿಸೆಗೆ ಹಾಕಿಕೊಂಡು ಸಣ್ಣಗೆ ನಕ್ಕ.

"ಊಟ ಮಾಡಿ ಬನ್ನಿ. ನೋಡುವ," ಎಂದೆ.

ಅವರು ಹೋದ ಮೇಲೆ ನಲವತ್ತಕ್ಕೆ ಏರಿಸಿದೆ. ಹನ್ನೆರಡು ನಿಮಿಷ ಎರಡು ಸೆಕೆಂಡು. ನನ್ನ ಪದ್ಧತಿಯೂ ಮುರಿಯಿತು, ಕೊಟ್ಟ ಮಾತೂ ನಿಲ್ಲಲಿಲ್ಲ. ಮತ್ತೆ ಮೂವತ್ತೊಂಬತ್ತಕ್ಕೇ ಇಳಿಸಿದೆ. ಆಮೇಲೆ ಸಾಮಾನ್ಯವಾಗಿ ಯಾರೂ ಮುಟ್ಟದ ಬೇಸ್ ಕ್ಲಾಕನ್ನು ಮುಟ್ಟಿದೆ. ನೂರನ್ನು ನೂರ ಮೂರು ಮಾಡಿದೆ. ಬರೇ ಮೂರು. ಹನ್ನೊಂದು ನಿಮಿಷ ಐವತ್ತನಾಲ್ಕು ಸೆಕೆಂಡು! ಅರ್ಧ ಗಂಟೆ ಪ್ರೊಸೆಸರಿಗೆ ಹೊರೆ ಹಾಕಿ ನೋಡಿದೆ, ತೊಂದರೆ ಇಲ್ಲ. ಅಷ್ಟರಲ್ಲಿ ಅವರು ಬಂದರು. ಅವರೆದುರು ಮತ್ತೊಮ್ಮೆ ಓಡಿಸಿ ತೋರಿಸಿದೆ. ಸ್ಟುಡಿಯೋದವರು ಟಾರ್ಚ್ ಹಾಕಿ ಒಳಗಿನ ಬೊಟ್ಟುಗಳನ್ನು, ಲಕೋಟೆಯೊಳಗಿನದನ್ನೂ, ಒಂದೊಂದಾಗಿ ನೋಡಿ, ತೃಪ್ತಿಯಾಗಿ ಹೊರಟರು. ನನಗೂ ತೃಪ್ತಿಯೇ.

ಮೂರನೆಯ ವಾರ ಫೋನು ಬಂತು. ಕ್ಯಾಮರಾದ ಕಾರ್ಡಿನಿಂದ ಕಂಪ್ಯೂಟರಿಗೆ ಕಾಪಿ ಮಾಡುವಾಗ ಪರದೆ ನೀಲಿಯಾಗಿ, ತನ್ನಷ್ಟಕ್ಕೆ ಆಫ್ ಆಗಿ ಆನ್ ಆಯಿತಂತೆ.

ಬಿ.ಸಿ. ರೋಡಿಗೆ ಹೋಗಿ ಬೆಳ್ತಂಗಡಿ ಬಸ್ಸು ಹತ್ತಿದೆ. ಪುಂಜಾಲಕಟ್ಟೆ ದಾಟುವಷ್ಟರಲ್ಲಿ ನನ್ನ ಮನಸ್ಸಿನಲ್ಲಿ ತೀರ್ಮಾನ ಆಗಿತ್ತು: ಅವರ ಕರೆಂಟೇ ಸರಿ ಇಲ್ಲ. ಹೋಗಿ ನೋಡಿದರೆ ನನ್ನ ತೀರ್ಮಾನಕ್ಕೆ ಬೇಕಾದ್ದೆಲ್ಲ ಅಲ್ಲಿತ್ತು. ಸ್ಟುಡಿಯೋ ಮಹಡಿಯ ಮೇಲೆ, ಶೀಟಿನ ಮಾಡು, ಮಧ್ಯಾಹ್ನದ ಹೊತ್ತಿಗೆ ಒಲೆಯ ಹಾಗೆ. ಯುಪಿಎಸ್ ಮತ್ತು ಲ್ಯಾಮಿನೇಶನ್ ಯಂತ್ರ ಒಂದೇ ಬೋರ್ಡಿಗೆ. ಅರ್ತಿಂಗ್ ಇಲ್ಲವೆಂದರೂ ನಡೆಯುತ್ತದೆ ಅನ್ನುವಷ್ಟು ಕಮ್ಮಿ. ಪ್ರೊಸೆಸರಿನ ಬಿಸಿ ನೋಡಿದೆ, ಎಪ್ಪತ್ತೊಂಬತ್ತು ಡಿಗ್ರಿ. ಹೆಚ್ಚೇ, ಆದರೆ ನಿಲ್ಲುವಷ್ಟಲ್ಲ. ಯುಪಿಎಸ್ಸನ್ನು ಬೇರೆ ಕಡೆಗೆ ಹಾಕಿಸಿದೆ.

"ಆನ್ ಆಗುವಾಗ ಎಂತಾದರೂ ಬರೆದು ಬಂತಾ?" ಎಂದು ಕೇಳಿದೆ.

"ಡಿಸ್ಕ್ ಪರೀಕ್ಷೆ ಮಾಡ್ತಾ ಉಂಟು ಅಂತ ಬಂತು. ಕಾದೆವು. ಸರಿ ಆಯ್ತು."

"ಮೊದಲು ನೀವೇ ನಡುವೆ ಸ್ವಿಚ್ಚು ತೆಗೆದಿರಲಿಕ್ಕಿಲ್ಲ ಅಲ್ವಾ?"

"ನಾನ್ಯಾಕೆ ತೆಗೀಲಿ ಮಾರಾಯ್ರೆ?"

ನಾನು ನಂಬಲಿಲ್ಲ. ನಂಬಲಿಲ್ಲವೆಂದು ಅವರಿಗೂ ಗೊತ್ತಾಯಿತು. ಹಾಗೆಯೇ ಬಿಟ್ಟು ಬಂದೆ.

ಹತ್ತು ದಿನಕ್ಕೆ ಮತ್ತೆ ಫೋನು. ಈ ಸಲ ದನಿ ಬೇರೆ ಇತ್ತು. "ಬೇಗ ಬನ್ನಿ. ಫೋನಲ್ಲಿ ಹೇಳುವಂಥದ್ದಲ್ಲ."

ಮೂಡುಬಿದಿರೆ ಕಡೆಯ ಒಂದು ಮನೆಯ ಮದುವೆ. ಮದುಮಗಳ ಅಜ್ಜಿಗೆ ತೊಂಬತ್ತರ ಹತ್ತಿರ. ಕುರ್ಚಿಯಲ್ಲಿ ಕೂರಿಸಿಕೊಂಡೇ ಮಂಟಪಕ್ಕೆ ತಂದು, ಅವರ ಕೈಯಿಂದ ಮೊಮ್ಮಗಳ ತಲೆಗೆ ಅಕ್ಕಿಕಾಳಿನ ಸೇಸೆ ಹಾಕಿಸಿದ್ದರು. ಮದುವೆ ಕಳೆದ ಸ್ವಲ್ಪ ದಿನಕ್ಕೆ ಅಜ್ಜಿ ತೀರಿಹೋದರು. ಅಜ್ಜಿಯ ಹಿರಿಯ ಮಗ ಗಲ್ಫಿನಲ್ಲಿ. ಮದುವೆಗೂ ರಜೆ ಸಿಗಲಿಲ್ಲ, ತಾಯಿ ಹೋದಾಗಲೂ ಸಮಯಕ್ಕೆ ಮುಟ್ಟಲಿಕ್ಕಾಗಲಿಲ್ಲ. ಇಡೀ ವಿಡಿಯೋ ಆಮೇಲೆ ಬರಲಿ, ಸೇಸೆಯದ್ದೊಂದು ಮೊದಲು ಕಳಿಸಿ ಎಂದು ದಿನಾ ಕೇಳುತ್ತಿದ್ದರಂತೆ.

ಸ್ಟುಡಿಯೋದವರು ಆ ಫೈಲ್ ತೆರೆದರು. ಕುರ್ಚಿ ಮಂಟಪಕ್ಕೆ ಬರುತ್ತದೆ. ಅಜ್ಜಿ ಮುಂದೆ ಬಾಗುತ್ತಾರೆ. ಅಲ್ಲಿಂದ ಪರದೆಯೆಲ್ಲ ಹಸಿರು ಚೌಕಗಳು. ಮತ್ತೆ ಚಿತ್ರ ಬರುವಾಗ ಮಂಟಪದಲ್ಲಿ ಬೇರೆ ಯಾರೋ ನೆಂಟರು ನಿಂತಿದ್ದಾರೆ. ಸ್ವರವೂ ಇಲ್ಲ. ಫೈಲಿನ ಒಳಭಾಗ ತೆರೆದು ನೋಡಿದೆ: ಸಾಲಿಗೆ ಸಾಲು ಸೊನ್ನೆ. ಅಂದು ನೀಲಿ ಪರದೆ ಬಂದದ್ದು ಇದೇ ಕಾಪಿಯ ನಡುವೆ. ಆಮೇಲೆ ಡಿಸ್ಕ್ ಪರೀಕ್ಷೆ ತನಗೆ ಅರ್ಥವಾಗದ ಜಾಗಕ್ಕೆಲ್ಲ ಸೊನ್ನೆ ತುಂಬಿಸಿ "ಸರಿ" ಮಾಡಿತ್ತು. ಫೈಲ್ ಪೂರ್ತಿ ಗಾತ್ರದಲ್ಲೇ ಕಂಡದ್ದರಿಂದ ಇವರು ಅದನ್ನು ಮತ್ತೆ ಕಾಪಿ ಮಾಡಿರಲಿಲ್ಲ.

"ಕಾರ್ಡ್ ಕೊಡಿ, ಅದರಿಂದ ತೆಗೆಯುವ," ಎಂದೆ ಕ್ಯಾಮರಾಮನ್‌ಗೆ.

"ಫಾರ್ಮ್ಯಾಟ್ ಮಾಡಿ ಆಯ್ತು. ಆಮೇಲೆ ಮೂರು ಮದುವೆ ಆಗಿದೆ."

"ಎರಡನೇ ಕ್ಯಾಮರಾದ್ದು?"

"ಅದರ ಕಾಪಿಯೂ ಹಾಳು, ಕಾರ್ಡೂ ಅಷ್ಟೇ."

ಅವನು ಉತ್ತರ ಕೊಟ್ಟದ್ದು ನನ್ನ ಮುಖ ನೋಡದೆ. ಮೊದಲನೆಯ ಕ್ಯಾಮರಾದ ಕಾರ್ಡು ತಂದು ಕೊಟ್ಟ. ಅಳಿಸಿದ್ದನ್ನು ಹುಡುಕಿ ತೆಗೆಯುವ ತಂತ್ರಾಂಶ ಹಾಕಿ ಮಧ್ಯಾಹ್ನದ ತನಕ ಕೂತೆ. ಸಿಕ್ಕಿದ್ದೆಲ್ಲ ಆಮೇಲಿನ ಮದುವೆಗಳೇ. ಬೇರೆ ಬೇರೆ ಮದುಮಕ್ಕಳು, ಬೇರೆ ಬೇರೆ ಊಟದ ಪಂಕ್ತಿಗಳು. ಅಜ್ಜಿ ಎಲ್ಲಿಯೂ ಇಲ್ಲ.

ಈ ಕೆಲಸ ಆರಂಭದಿಂದಲೂ ಬೇಡ ಎಂದವನು ಇವನು. ಕಾಪಿ ಮಾಡುವವನೂ ಇವನೇ. ಯಂತ್ರ ಹಾಳಾದರೆ ಹೊಸತು ಬರುತ್ತದೆ ಎಂಬ ಲೆಕ್ಕ ಇದ್ದರೂ ಇದ್ದೀತು. ಅವನು ನೀರು ತರಲಿಕ್ಕೆ ಕೆಳಗೆ ಹೋದಾಗ ಸ್ಟುಡಿಯೋದವರ ಹತ್ತಿರ ದನಿ ತಗ್ಗಿಸಿ ಹೇಳಿದೆ, "ಅಣ್ಣ, ಕಾಪಿ ಮುಗಿಯುವ ಮೊದಲೇ ಕಾರ್ಡ್ ಎಳೆದಿರಬಹುದು. ನೀವು ಅವರನ್ನು ಸ್ವಲ್ಪ ವಿಚಾರಿಸಿ."

ತಿರುಗಿದರೆ ಅವನು ಬಾಗಿಲಲ್ಲೇ ಇದ್ದ. ನೀರಿನ ಬಾಟ್ಲಿ ಮೇಜಿನ ಮೇಲಿಟ್ಟು ಹೊರಗೆ ಹೋದ.

ಯಂತ್ರವನ್ನು ಮೆಲ್ಕಾರಿಗೆ ತಂದೆ. ಈ ಸಲ ಅದನ್ನು ಅವರು ಬಳಸುವ ಹಾಗೆಯೇ ಬಳಸಿ ನೋಡುವುದೆಂದು ನಿಶ್ಚಯಿಸಿದೆ. ನಾನು ಮೊದಲು ಮಾಡಿದ ಪರೀಕ್ಷೆಗಳಲ್ಲಿ ಪ್ರೊಸೆಸರ್ ಬೆವರಿತ್ತು, ಆದರೆ ಒಂದೇ ಒಂದು ದೊಡ್ಡ ಫೈಲ್ ಅತ್ತಿಂದಿತ್ತ ಹೋಗಿರಲಿಲ್ಲ. ನನ್ನಲ್ಲಿದ್ದ ವಿಡಿಯೋ ಫೈಲುಗಳ ಒಂದು ಕಟ್ಟನ್ನು ಹತ್ತು ಸಲ ಕಾಪಿ ಮಾಡಿ, ಪ್ರತಿ ಸಲವೂ ಚೆಕ್‌ಸಮ್ ತೆಗೆದೆ. ಚೆಕ್‌ಸಮ್ ಎಂದರೆ ಫೈಲಿನ ಒಳಗಿರುವುದನ್ನೆಲ್ಲ ಲೆಕ್ಕ ಹಾಕಿ ಬರುವ ಒಂದು ಉದ್ದದ ಸಂಖ್ಯೆ. ಎಲ್ಲಿಯೋ ಒಂದು ಚುಕ್ಕೆಯಷ್ಟು ಬದಲಾದರೂ ಇಡೀ ಸಂಖ್ಯೆಯೇ ಬೇರೆಯಾಗುತ್ತದೆ. ಬೆಳಿಗ್ಗೆಯ ತಂಪಿಗೆ ಹತ್ತೂ ಸರಿ. ಎರಡು ಗಂಟೆಯ ಸೆಕೆಗೆ, ತಗಡು ಮುಚ್ಚಿ ಇಟ್ಟು ಮಾಡಿದಾಗ, ಏಳನೆಯದು ಮತ್ತು ಒಂಬತ್ತನೆಯದು ಬೇರೆ ಬಂದವು.

ನೀಲಿ ಪರದೆ ಇಲ್ಲ, ಎಚ್ಚರಿಕೆ ಇಲ್ಲ. ಯಂತ್ರ "ಕಾಪಿ ಆಯಿತು" ಎಂದು ಸುಳ್ಳು ಹೇಳಿ ಸುಮ್ಮನೆ ಕೂತಿತ್ತು. ಇದು ಕರೆಂಟೂ ಅಲ್ಲ, ಕಾರ್ಡೂ ಅಲ್ಲ. ಕಾಪಿಯಾಗುವ ಫೈಲ್ ರ‍್ಯಾಮನ್ನು ಹಾದೇ ಡಿಸ್ಕಿಗೆ ಹೋಗುವುದು. ರ‍್ಯಾಮ್ ಬಂದದ್ದು ಮೂಡುಬಿದಿರೆಯಿಂದ.

ಹಳೆಯ ಸಾಮಾನಿನ ವ್ಯಾಪಾರಿಯ ಬಗ್ಗೆ ನನಗೆ ಮೊದಲೇ ಸಂಶಯ. ಹಳತನ್ನು ಒರಸಿ ಹೊಸ ಕವರಿಗೆ ಹಾಕುತ್ತಾರೆ ಎಂದು ಯಾರೋ ಹೇಳಿದ್ದನ್ನು ನಾನೇ ನಾಲ್ಕು ಜನರಿಗೆ ದಾಟಿಸಿದ್ದೆ. ರ‍್ಯಾಮ್ ಬಿಚ್ಚಿ ಚೀಲಕ್ಕೆ ಹಾಕಿ, ಸಿದ್ಧಕಟ್ಟೆ ದಾರಿಯಾಗಿ ಸ್ಕೂಟರಿನಲ್ಲಿ ಹೋದೆ. ಜಗಳಕ್ಕೆ ಬೇಕಾದ ಮಾತುಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡೆ.

ಅವರು ಜಗಳವನ್ನೇ ಆಡಲಿಲ್ಲ. ಕನ್ನಡಕ ಹಣೆಗೇರಿಸಿ ರ‍್ಯಾಮನ್ನು ತಿರುಗಿಸಿ ನೋಡಿದರು. ಕಪಾಟಿನಿಂದ ಬೇರೆ ಜೋಡಿ ತೆಗೆದು ನನ್ನೆದುರು ಇಟ್ಟರು.

"ಗಲಾಟೆ ಬೇಡಕ್ಕ. ಇದು ಇಟ್ಟುಕೊಳ್ಳಿ."

ಇಷ್ಟು ಸುಲಭವಾಗಿ ಕೊಡುತ್ತಾರೆ ಎಂದರೆ ಕೆಟ್ಟದ್ದೆಂದು ಗೊತ್ತಿದ್ದೇ ಮಾರಿದ್ದು ಎಂದುಕೊಂಡೆ. "ಅದು ಆಮೇಲೆ. ಮೊದಲು ನನ್ನೆದುರಿಗೆ ಇದನ್ನು ಪರೀಕ್ಷೆ ಮಾಡಿ," ಎಂದೆ.

ಅವರ ಬೆಂಚಿನ ಯಂತ್ರಕ್ಕೆ ಹಾಕಿದರು. ನಾನು ಸ್ಟೂಲ್ ಎಳೆದು ಪರದೆಯ ಎದುರು ಕೂತೆ, ಕಣ್ಣು ತಪ್ಪಿಸಿ ಏನಾದರೂ ಮಾಡಿಯಾರು ಎಂದು. ಅವರು ಒಳಗೆ ಹೋಗಿ ಊಟ ಮಾಡಿ ಬಂದರು. "ನೀವು ಉಂಡಿರಾ?" ಎಂದು ಕೇಳಿದರು. ಉಂಡೆ ಎಂದೆ, ಉಂಡಿರಲಿಲ್ಲ. ನಾಲ್ಕು ಸುತ್ತು ಮುಗಿಯಿತು. ತಪ್ಪು: ಸೊನ್ನೆ.

"ನಿಮ್ಮ ಬೋರ್ಡಿನಲ್ಲಿ ಇದು ಎಷ್ಟರಲ್ಲಿ ಓಡ್ತಾ ಉಂಟು?" ಎಂದು ಕೇಳಿದರು.

"ಮೂರು ಸಾವಿರದ ಇನ್ನೂರು. ಇದರ ಮೇಲೆ ಬರೆದದ್ದೇ ಅಷ್ಟು."

"ಬರೆದದ್ದು ಅಷ್ಟು. ನೀವು ಇಟ್ಟದ್ದೂ ಅಷ್ಟೇ ಇರಬಹುದು. ಓಡುವುದು ಎಷ್ಟು?"

ಪ್ರಶ್ನೆ ಅರ್ಥವಾಗಲಿಕ್ಕೆ ಒಂದು ಕ್ಷಣ ಬೇಕಾಯಿತು. ಬೇಸ್ ಕ್ಲಾಕ್ ಪ್ರೊಸೆಸರಿಗೆ ಮಾತ್ರ ಬಡಿತ ಕೊಡುವುದಲ್ಲ. ರ‍್ಯಾಮೂ ಅದೇ ಬಡಿತವನ್ನು ಗುಣಿಸಿಕೊಂಡು ಓಡುವುದು. ನೂರು ನೂರ ಮೂರಾದಾಗ ಮೂರು ಸಾವಿರದ ಇನ್ನೂರು ಮೂರು ಸಾವಿರದ ಇನ್ನೂರ ತೊಂಬತ್ತಾರು ಆಗಿತ್ತು. ನಾನು ರ‍್ಯಾಮ್ ಪರೀಕ್ಷೆ ಮಾಡಿದ್ದು ನೂರಿದ್ದಾಗ. ನೂರ ಮೂರು ಮಾಡಿದ ಮೇಲೆ ಮಾಡಲಿಲ್ಲ. ಗಿರಾಕಿ ಊಟ ಮುಗಿಸಿ ಬರುತ್ತಿದ್ದರು.

"ಬೇಸ್ ಕ್ಲಾಕ್ ಮುಟ್ಟಿದ್ರಾ?" ಎಂದರು ಅವರು.

"ಅಂಗಡಿಗೆ ಹೋಗಿ ನೋಡ್ತೇನೆ," ಎಂದೆ. ಹೌದು ಎನ್ನಲಿಕ್ಕೆ ಬಾಯಿ ಬರಲಿಲ್ಲ. ಅವರು ಕೊಟ್ಟ ಬೇರೆ ಜೋಡಿಯನ್ನೂ ಚೀಲಕ್ಕೆ ಹಾಕಿಕೊಂಡೇ ಹೊರಟೆ.

ಮರುದಿನ ಮೊದಲು ತಂದ ಹಳೆಯ ಜೋಡಿಯನ್ನೇ ಹಾಕಿ, ತಗಡು ಮುಚ್ಚಿ, ಮಧ್ಯಾಹ್ನದ ಬಿಸಿಲಿಗೆ ಕಿಟಿಕಿಯ ಬಳಿ ಇಟ್ಟು ರ‍್ಯಾಮ್ ಪರೀಕ್ಷೆ ಮಾಡಿದೆ. ನೂರ ಮೂರಲ್ಲಿ ಮೂರನೆಯ ಸುತ್ತಿಗೆ ತಪ್ಪುಗಳು ಸುರುವಾದವು. ನೂರಕ್ಕೆ ಇಳಿಸಿದೆ. ಅದೇ ಜಾಗ, ಅದೇ ಬಿಸಿಲು. ಒಂದೂ ಇಲ್ಲ. ನಂಬಿಕೆ ಬಾರದೆ ಅದರ ಮರುದಿನವೂ ಮಾಡಿದೆ. ಅದೇ ಫಲ.

ಈಗ ನನ್ನ ಮೇಜಿನ ಮೇಲೆ ಎರಡು ಜೋಡಿ ರ‍್ಯಾಮ್ ಇದ್ದವು. ಹೊಸ ಜೋಡಿ ಹಾಕಿ, ಈ ಸಂಖ್ಯೆಗಳೆಲ್ಲ ಕೂತಿರುವ ಬಯೋಸಿನಲ್ಲಿ ನೂರ ಮೂರನ್ನು ಸದ್ದಿಲ್ಲದೆ ನೂರು ಮಾಡಿ, "ಮೂಡುಬಿದಿರೆಯವರ ರ‍್ಯಾಮ್ ಕೆಟ್ಟದ್ದಿತ್ತು, ಅವರು ಬದಲಿಸಿ ಕೊಟ್ಟರು" ಎಂದರೆ ಮುಗಿಯಿತು. ಬದಲಿಸಿ ಕೊಟ್ಟದ್ದು ನಿಜವೇ. ಯಾರೂ ಕೇಳುವವರಿಲ್ಲ. ಸ್ಟುಡಿಯೋದವರು ಕೆಂಪು ಬೊಟ್ಟು ಹಾಕಿ ಕಾದದ್ದು ಬಿಡಿಭಾಗಗಳನ್ನು. ಬಯೋಸಿನ ಸಂಖ್ಯೆಗೆ ಬೊಟ್ಟು ಹಾಕಲಿಕ್ಕಾಗುವುದಿಲ್ಲ.

ಆ ಮಾತನ್ನು ಮನಸ್ಸಿನಲ್ಲಿ ಎರಡು ಮೂರು ಸಲ ಹೇಳಿಯೂ ನೋಡಿದೆ. ಚೆನ್ನಾಗಿಯೇ ಬಂತು. ಸುಳ್ಳು ಅಷ್ಟು ಸಲೀಸಾಗಿ ಬಂದದ್ದೇ ನನಗೆ ಹೆದರಿಕೆ ಹುಟ್ಟಿಸಿತು. ಮೊದಲು ಕರೆಂಟು ಎಂದೆ, ಆಮೇಲೆ ಸ್ಟುಡಿಯೋದವರೇ ಸ್ವಿಚ್ಚು ತೆಗೆದರು ಎಂದೆ, ಕ್ಯಾಮರಾಮನ್ ಕಾರ್ಡ್ ಎಳೆದ ಎಂದೆ, ವ್ಯಾಪಾರಿ ಮೋಸ ಮಾಡಿದ ಎಂದೆ. ಇನ್ನೊಂದು ಸುತ್ತು ಅದನ್ನೇ ಹೇಳುವುದು ನನ್ನಿಂದ ಆಗಲಿಲ್ಲ. ಹಳೆಯ ಜೋಡಿಯನ್ನೇ ಯಂತ್ರದಲ್ಲಿ ಬಿಟ್ಟೆ. ಎಲ್ಲ ಸಂಖ್ಯೆಗಳನ್ನೂ ಕಂಪೆನಿ ಇಟ್ಟ ಹಾಗೆ ಮಾಡಿದೆ, ನೂರು, ಮೂವತ್ತಾರು. ಹೊಸ ಜೋಡಿಯನ್ನು ಮೂಡುಬಿದಿರೆಗೆ ಹಿಂದೆ ಕಳಿಸಿ ಫೋನು ಮಾಡಿದೆ. "ನಿಮ್ಮದು ಸರಿ ಉಂಟು. ತಪ್ಪು ನನ್ನದು," ಎಂದೆ. "ಆಯ್ತಕ್ಕ," ಎಂದಷ್ಟೇ ಹೇಳಿ ಅವರು ಫೋನಿಟ್ಟರು.

ಬೆಳ್ತಂಗಡಿಗೆ ಹೋಗಿ ಯಂತ್ರ ಜೋಡಿಸಿ, ಇಬ್ಬರೂ ಇರುವಾಗಲೇ ಹೇಳಿದೆ. ನೂರ ಮೂರು ಎಂದರೆ ಏನು, ಅದನ್ನು ಯಾವ ಹೊತ್ತಿಗೆ ಮಾಡಿದೆ, ಯಾಕೆ ಮಾಡಿದೆ, ಯಾವ ಪರೀಕ್ಷೆ ಬಿಟ್ಟೆ, ಎಲ್ಲ. ಪುಸ್ತಕ ತೆಗೆದು ತೋರಿಸಿದೆ. ಆ ದಿನದ ಪುಟದಲ್ಲಿ ನೂರ ಮೂರರ ಎದುರು ಬರೀ ಸಮಯ ಬರೆದಿತ್ತು, ಪರೀಕ್ಷೆಯ ಜಾಗ ಖಾಲಿ.

ಸ್ಟುಡಿಯೋದವರು ಪುಸ್ತಕ ಎಳೆದುಕೊಂಡು ಆ ಪುಟ ಓದಿದರು. ಆಮೇಲೆ, "ಇಪ್ಪತ್ತು ಸೆಕೆಂಡಿಗೋಸ್ಕರ?" ಎಂದರು.

"ಹೌದಣ್ಣ."

"ಹದಿನೈದು ಸೆಕೆಂಡು ಹೆಚ್ಚಾದ್ರೆ ನಾನೆಂತ ನಿಮ್ಮನ್ನು ತಿನ್ತಿದ್ನಾ?"

ಕ್ಯಾಮರಾಮನ್ ಕಡೆ ತಿರುಗಿ, "ನಿಮ್ಮ ಬೆನ್ನ ಹಿಂದೆ ನಾನು ಹೇಳಿದ್ದು ತಪ್ಪು," ಎಂದೆ. ಅವನು ಕಿಟಿಕಿಯ ಹೊರಗೆ ನೋಡಿದ. ಎದ್ದು ಹೋಗಿ ಕ್ಯಾಮರಾ ಚೀಲದ ಅಡಿಯ ಜಿಪ್ಪು ತೆಗೆದು, ಸಣ್ಣ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಮೇಜಿನ ಮೇಲಿಟ್ಟ. ಒಳಗೊಂದು ಕಾರ್ಡು.

"ಎರಡನೇ ಕ್ಯಾಮರಾದ್ದು. ಇದನ್ನು ಫಾರ್ಮ್ಯಾಟ್ ಮಾಡ್ಲಿಲ್ಲ."

ಸ್ಟುಡಿಯೋದವರು ಕುರ್ಚಿಯಿಂದ ಎದ್ದೇಬಿಟ್ಟರು. "ಇಷ್ಟು ದಿನ ಇಟ್ಟುಕೊಂಡಿದ್ಯಾ? ಆ ಮನೆಯವರು ಕೂಗಿ ಕೂಗಿ ಕೇಳುವಾಗ?"

"ಒಂದು ಸಲ ನೀಲಿ ಪರದೆ ಬಂದ ಮೇಲೆ ನನಗೆ ಈ ಕಂಪ್ಯೂಟರಿನ ಮೇಲೆ ನಂಬಿಕೆ ಇರಲಿಲ್ಲ. ಬೇರೆ ಕಾರ್ಡ್ ಹಾಕಿ ಶೂಟ್ ಮಾಡಿದೆ, ಇದನ್ನು ತೆಗೆದಿಟ್ಟೆ. ಇವರು ಕೇಳಿದಾಗ ಕೊಟ್ಟಿದ್ರೆ ಇದೇ ಕಂಪ್ಯೂಟರಿಗೆ ಹಾಕ್ತಿದ್ರು. ಇದೂ ಹೋದ್ರೆ ಮತ್ತೆ ನನ್ನ ತಲೆಗೇ ಕಟ್ತಿದ್ರು." ನನ್ನ ಕಡೆ ಮೊದಲ ಸಲ ನೇರವಾಗಿ ನೋಡಿದ. "ತಪ್ಪು ಯಾರದ್ದೆಂದು ಗೊತ್ತಾಗದೆ ಕೊಡುವುದಿಲ್ಲ ಅಂತಲೇ ಇದ್ದೆ."

ಕಾರ್ಡನ್ನು ಆ ಯಂತ್ರಕ್ಕೆ ಹಾಕಲಿಕ್ಕೆ ಅವನು ಆಗಲೂ ಬಿಡಲಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಕಾಪಿ ಮಾಡಿ, ಎರಡೂ ಕಡೆಯ ಚೆಕ್‌ಸಮ್ ತೋರಿಸಿ, ಸಂಖ್ಯೆಗಳನ್ನು ಅವನೇ ಬೆರಳಿಟ್ಟು ಓದಿದ ಮೇಲೆ ಫೈಲ್ ತೆರೆದೆವು. ಬದಿಯಿಂದ ತೆಗೆದದ್ದು, ದೂರದಿಂದ. ಕುರ್ಚಿ ಬರುತ್ತದೆ. ಅಜ್ಜಿ ಬಾಗುತ್ತಾರೆ. ನಡುಗುವ ಕೈ ಮೊಮ್ಮಗಳ ತಲೆಯ ಮೇಲೆ ನಿಲ್ಲುತ್ತದೆ, ಅಕ್ಕಿಕಾಳು ಜಾರುತ್ತದೆ. ಕೈ ಹಿಂದೆ ತೆಗೆಯದೆ ಅಜ್ಜಿ ಏನನ್ನೋ ಹೇಳುತ್ತಾರೆ. ತುಟಿ ಅಲ್ಲಾಡುವುದು ಚೆನ್ನಾಗಿ ಕಾಣುತ್ತದೆ. ಕೇಳುವುದು ವಾದ್ಯ ಮಾತ್ರ.

ಮದುಮಗಳೂ ಅವಳ ತಾಯಿಯೂ ಮರುದಿನ ಬಂದರು. ನಾನೂ ಇರಬೇಕೆಂದು ಸ್ಟುಡಿಯೋದವರು ಹೇಳಿದ್ದರು. ಆಜ್ಞೆಯ ಹಾಗೆಯೇ ಹೇಳಿದ್ದು. ತಾಯಿ ಪರದೆಗೆ ತೀರ ಹತ್ತಿರ ಕೂತು ನೋಡಿದರು. ಮುಗಿದ ಮೇಲೆ ಮಗಳು, "ಸ್ವರ ದೊಡ್ಡದು ಮಾಡ್ಲಿಕ್ಕೆ ಆಗ್ತದಾ?" ಎಂದು ಕೇಳಿದಳು.

"ಮಾಡಿ ನೋಡಿದೆವು. ವಾದ್ಯವೇ ದೊಡ್ಡದಾಗ್ತದೆ," ಎಂದರು ಸ್ಟುಡಿಯೋದವರು. "ಎದುರಿನ ಕ್ಯಾಮರಾದಲ್ಲಿ ಮೈಕ್ ಇತ್ತು."

"ಅದು ಹಾಳಾದದ್ದು ನನ್ನಿಂದ," ಎಂದು ನಾನು ಹೇಳಿದೆ. "ಕಂಪ್ಯೂಟರ್ ಬೇಗ ಓಡಲಿ ಎಂದು ಒಂದು ಕೆಲಸ ಮಾಡಿ, ಅದನ್ನು ಸರಿಯಾಗಿ ಪರೀಕ್ಷೆ ಮಾಡಲಿಲ್ಲ."

ತಾಯಿ ನನ್ನನ್ನೇ ನೋಡಿದರು. ಕೋಪವೋ ಏನೋ ಗೊತ್ತಾಗಲಿಲ್ಲ. "ನಾವು ಈ ಸ್ಟುಡಿಯೋದವರು ಸರಿಯಾಗಿ ತೆಗೆಯಲಿಲ್ಲ ಅಂತ ಊರೆಲ್ಲ ಹೇಳಿ ಆಯ್ತಲ್ಲ," ಎಂದರು. ಆಮೇಲೆ ಮಗಳ ಕಡೆ ತಿರುಗಿ, "ಅಜ್ಜಿ ಎಂತ ಹೇಳಿದ್ದೆಂದು ನಿನಗೆ ನೆನಪುಂಟಲ್ಲ?" ಎಂದರು.

ಮಗಳು ತಲೆಯಲ್ಲಾಡಿಸಿದಳು. "ವಾದ್ಯದ ಸದ್ದಿಗೆ ನನಗೆ ಕೇಳಿಸಲಿಲ್ಲಮ್ಮ. ಮತ್ತೆ ವಿಡಿಯೋದಲ್ಲಿ ಕೇಳುವ ಅಂತ ಸುಮ್ಮನಾದೆ."

ಫೈಲನ್ನು ಅಲ್ಲಿಂದಲೇ ಗಲ್ಫಿಗೆ ಕಳಿಸಿದರು. ಸ್ವಲ್ಪ ಹೊತ್ತಿನಲ್ಲಿ ತಾಯಿಯ ಮೊಬೈಲ್ ಹೊಡೆದುಕೊಂಡಿತು. ಅವರು ಎದ್ದು ಮೆಟ್ಟಿಲಿಗೆ ಹೋಗಿ ಮಾತಾಡಿದರು. ಏನು ಮಾತಾಡಿದರೆಂದು ನಮಗೆ ಕೇಳಲಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ.

ಮಳೆಗಾಲ ಮುಗಿಯುವ ತನಕ ಸ್ಟುಡಿಯೋದವರು ನನಗೆ ಫೋನು ಮಾಡಲಿಲ್ಲ. ಇನ್ನು ಮಾಡಲಿಕ್ಕಿಲ್ಲ ಎಂದೇ ಇದ್ದೆ. ಒಂದು ದಿನ ಹೊಸ ಡಿಸ್ಕೊಂದನ್ನು ಹಿಡಿದುಕೊಂಡು ಅಂಗಡಿಗೆ ಬಂದರು. ಎಲ್ಲ ಮದುವೆಗಳನ್ನೂ ಇದಕ್ಕೆ ಇನ್ನೊಂದು ಪ್ರತಿ ಹಾಕಿ ಕೊಡಬೇಕಂತೆ. ಕುರ್ಚಿ ಕೊಟ್ಟೆ, ಕೂರಲಿಲ್ಲ. ನನ್ನ ಹಿಂದೆ ಬಂದು ಪರದೆ ಕಾಣುವ ಹಾಗೆ ನಿಂತರು.

"ನಂಬಿಕೆ ಇಲ್ಲ ಅಂತಲ್ಲ," ಎಂದರು.

"ಇರುವುದು ಬೇಡ ಅಣ್ಣ," ಎಂದೆ. ಚೆಕ್‌ಸಮ್ಮುಗಳ ಎರಡು ಪಟ್ಟಿಗಳನ್ನು ಅಕ್ಕಪಕ್ಕ ತೆರೆದು ಮೊದಲನೆಯ ಸಂಖ್ಯೆಯನ್ನು ಗಟ್ಟಿಯಾಗಿ ಓದಿದೆ. ಅವರು ಕನ್ನಡಕ ಸರಿಮಾಡಿಕೊಂಡು, ನನ್ನ ಹೆಗಲ ಮೇಲಿಂದ ಬಾಗಿ, ಎರಡನೆಯ ಪಟ್ಟಿಯಿಂದ ಅದನ್ನೇ ತಿರುಗಿ ಓದಿದರು. ಫೈಲುಗಳು ಇನ್ನೂರಕ್ಕಿಂತ ಮೇಲಿದ್ದವು. ಒಂದನ್ನೂ ಬಿಡದೆ ಓದಿದೆವು.